ಕೀಲಿಕೈಯ ಮೊಳೆ

ಕಾಯ್ಕಿಣಿಯ ನಮ್ಮ ಸಂಘದ ಕೆಲಸದ ಮನೆಯಲ್ಲಿ ಮಧ್ಯಾಹ್ನ ಉಳಿಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಅಲ್ಲಿನ ಕೀಲಿಕೈ ನನ್ನ ಸುಪರ್ದಿಯಲ್ಲಿತ್ತು; ಅದಕ್ಕೂ ಬಾಗಿಲ ಬಳಿ ಒಂದು ಮೊಳೆ. ಉಳಿ, ಗರಗಸ, ಯಾವ ಹತ್ಯಾರ ಒಯ್ದರೂ ಒಯ್ದವರು ಆ ಹತ್ಯಾರದ ಮೊಳೆಗೆ ತಮ್ಮ ಹೆಸರಿನ ಮರದ ಬಿಲ್ಲೆ ತೂಗುಹಾಕಬೇಕು, ತಂದಿಟ್ಟಾಗ ತೆಗೆಯಬೇಕು. ಬಡಗಿ ದೇವು ಹೊಳೆಯಲ್ಲಿ ಮುಳುಗಿ ಸತ್ತ ಮೇಲೆ ಅವನು ಒಯ್ದಿದ್ದ ದೊಡ್ಡ ಗರಗಸ ಸಿಗಲಿಲ್ಲ. ಗರಗಸದ ಮೊಳೆಯಲ್ಲಿ ಅವನ ಬಿಲ್ಲೆ ಹಾಗೇ ಇತ್ತು.

ಬಾಗಿಲು ತಾನಾಗಿ ಮುಚ್ಚಿತು. ಎಷ್ಟು ದೂಡಿದರೂ ಅಲುಗಲಿಲ್ಲ. ಬೆನ್ನ ಹಿಂದೆ ಮರ ಕೊಯ್ಯುವ ಸದ್ದು ಶುರುವಾಯಿತು. ಕುತ್ತಿಗೆಯ ಮೇಲೆ ಹಸಿ ಹೊಟ್ಟು ಬಿತ್ತು. ತಿರುಗಿ ನೋಡದೆ ಕೂಗಿದೆ.

“ಎಂತಕ್ಕೆ ಕೂಗೂದು ಮಂಜಕ್ಕ? ಬಾಗ್ಲು ತೆರ್ದೇ ಅದೆ, ನೀವು ಗೋಡೆ ದೂಡ್ತಾ ಇದ್ರಿ,” ಎಂದು ಪಕ್ಕದ ಚಾದಂಗಡಿಯ ಭಾರತಿ ಒಳಬಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಗರಗಸ ಯಾರು ತಂದ್ರು?”

ಗರಗಸ ತನ್ನ ಮೊಳೆಯಲ್ಲಿತ್ತು. ಮುಟ್ಟಿದರೆ ಬಿಸಿ. ದೇವುವಿನ ಬಿಲ್ಲೆ ಇರಲಿಲ್ಲ. ಕೀಲಿಕೈ ನನ್ನ ಸೊಂಟದಲ್ಲಿತ್ತು. ಬಾಗಿಲ ಬಳಿ ಕೀಲಿಕೈಯ ಖಾಲಿ ಮೊಳೆಯಲ್ಲಿ ಹಸಿ ಮರದ ಬಿಲ್ಲೆ ತೂಗುತ್ತಿತ್ತು. ಅದರ ಮೇಲೆ ನನ್ನದೇ ಓರೆ ಅಕ್ಷರದಲ್ಲಿ ನನ್ನ ಹೆಸರಿತ್ತು.

ಈ ಕೆಲಸ ಬಿಡುತ್ತೇನೆಂದು ಬರೆದು ಮಳೆಗಾಲದಿಂದ ಹಾಸಿಗೆಯಡಿ ಇಟ್ಟುಕೊಂಡಿದ್ದ ಪತ್ರವನ್ನು ಕೀಲಿಕೈ ಸಮೇತ ಅಂದೇ ಸಂಘಕ್ಕೆ ಕಳಿಸಿದೆ. ನನ್ನ ಹೆಸರಿನ ಬಿಲ್ಲೆ ಮಾತ್ರ ಯಾರು ಎಷ್ಟು ಎಳೆದರೂ ಮೊಳೆಯಿಂದ ಬರುತ್ತಿಲ್ಲವಂತೆ.