ಹಿಂಬದಿಯ ಕಂದು ಕಾಗದ

ಕಲಾಶಾಲೆಯ ಮೇಷ್ಟ್ರು ಚೌಕಟ್ಟು ಹಾಕಿಸಲು ಕಳಿಸಿದ ಏಳು ಚಿತ್ರಗಳಲ್ಲಿ ಆರನೆಯದು ತನ್ನ ಮಗಳದ್ದು ಎಂದು ತಿಳಿಯಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಅವನದೇ ಮನೆಯ ಅಡುಗೆಮನೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತ ಅವನ ಹೆಂಡತಿಯ ಬೆನ್ನು. ಗೋಡೆಯ ಮೇಲೆ ಅವನೇ ಹೊಡೆದು, ಓರೆಯಾಯಿತೆಂದು ಮಗಳಿಂದ ವರ್ಷಗಟ್ಟಲೆ ಗೇಲಿ ಮಾಡಿಸಿಕೊಂಡ ಮೊಳೆ. ಊರಿಗೆಲ್ಲ ಅಳತೆ ತಪ್ಪದೆ ಚೌಕಟ್ಟು ಕಟ್ಟಿಕೊಡುವವನು ಎಂದು ಜನ ಅವನನ್ನು ‘ಮಿಲಿಮೀಟರ್’ ಎಂದೇ ಕರೆಯುತ್ತಿದ್ದರು. ಮನೆಯ ಮೊಳೆ ಮಾತ್ರ ಓರೆ.

ಚಿತ್ರವನ್ನು ತಿರುಗಿಸಿದ. ಹಿಂಬದಿಯ ಕ್ಯಾನ್‌ವಾಸಿನ ಮೇಲೆ ಮಗಳ ಕೈಬರಹ: ‘ಅಮ್ಮ ತಿರುಗಿ ನೋಡುವ ಮೊದಲು.’ ಕೆಳಗೆ ಅವಳ ಹೆಸರು, ತರಗತಿ. ಹತ್ತೊಂಬತ್ತು ತುಂಬಿದ ವಾರಕ್ಕೆ ಜ್ವರದಲ್ಲಿ ಹೋದವಳು. ಎರಡು ವರ್ಷದ ಹಿಂದೆ ಅವನು ಕಲಾಶಾಲೆಗೆ ಹೋಗಿ, ಮಗಳು ಬರೆದದ್ದು ಒಂದಾದರೂ ಇದ್ದರೆ ಕೊಡಿ ಎಂದು ಬೇಡಿಕೊಂಡಿದ್ದ. ಮೇಷ್ಟ್ರು ಎಲ್ಲೋ ನೋಡುತ್ತ, “ಸುಣ್ಣ ಬಳಿಸುವಾಗ ಎಲ್ಲಾ ಹೋಯ್ತು ಕಣ್ರೀ, ಏನೂ ಉಳಿದಿಲ್ಲ,” ಎಂದಿದ್ದರು.

ಉಳಿದಿತ್ತು. ಮಾರನೆಯ ದಿನ ನಗರದ ಗ್ಯಾಲರಿಯ ಗುಮಾಸ್ತ, ವಾರ್ಷಿಕ ಪ್ರದರ್ಶನದಲ್ಲಿ ಯಾವ ಚಿತ್ರವನ್ನು ಎಲ್ಲಿ ತೂಗುಹಾಕಬೇಕೆಂಬ ಪಟ್ಟಿ ತಂದುಕೊಟ್ಟ. ಆ ಕೆಲಸವೂ ಅವನದೇ. ಏಳು ಚಿತ್ರಗಳ ಮುಂದೆಯೂ ಒಂದೇ ಹೆಸರು, ಮೇಷ್ಟ್ರದು. ಚೌಕಟ್ಟು ಕಟ್ಟಿದ ಮೇಲೆ ಹಿಂಬದಿಗೆ ಕಂದು ಕಾಗದ ಅಂಟಿಸುವುದು ಅವನ ಪದ್ಧತಿ. ಮಗಳ ಅಕ್ಷರವನ್ನು ಅಪ್ಪನ ಕೈಯಿಂದಲೇ ಮುಚ್ಚಿಸಲು ಹೊರಟಿದ್ದಾನೆ ಈ ಮನುಷ್ಯ! ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಆದರೆ ಚೌಕಟ್ಟಿನವನ ಮಾತನ್ನು ಯಾರು ಕೇಳುತ್ತಾರೆ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಕಳ್ಳನ ಮನೆಯಿಂದ ಕದ್ದರೆ ಅದು ಕಳ್ಳತನವೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಉಪಾಯ ಅವನ ಕೆಲಸದಷ್ಟೇ ಅಚ್ಚುಕಟ್ಟಾಗಿತ್ತು. ಚಿತ್ರವನ್ನು ಬೆಳಗಿನ ಬೆಳಕಿನಲ್ಲಿ ಫೋಟೊ ತೆಗೆದ. ಗುರುತಿನವರಿಲ್ಲದ ಬೇರೆ ಊರಿಗೆ ಬಸ್ಸಿನಲ್ಲಿ ಹೋಗಿ, ಅದೇ ಅಳತೆಗೆ ಕ್ಯಾನ್‌ವಾಸಿನ ಮೇಲೆ ಮುದ್ರಿಸಿಕೊಂಡು ಬಂದ. ಮಗಳ ಕ್ಯಾನ್‌ವಾಸನ್ನು ಮರದ ಪಟ್ಟಿಯಿಂದ ಒಂದೊಂದೇ ಮೊಳೆ ಕಿತ್ತು ಬಿಡಿಸಿದ. ಗಾಯದ ಪಟ್ಟಿ ಬಿಚ್ಚುವವನಂತೆ ಉಸಿರು ಬಿಗಿಹಿಡಿದಿದ್ದ. ಅದೇ ಮರದ ಪಟ್ಟಿಗೆ ನಕಲನ್ನು ಬಿಗಿದ. ಮುದ್ರಣವೆಂದು ಗೊತ್ತಾಗದಂತೆ ಮುಂದೆ ಗಾಜು ಹಾಕಿದ. ಯಾರಾದರೂ ಕೇಳಿದರೆ ದೂಳಿಗೆ ಎಂದರಾಯಿತು. ಹಿಂಬದಿಯಲ್ಲಿ ಮಗಳ ಅಕ್ಷರವನ್ನೂ ನಕಲು ಮಾಡೋಣವೆಂದು ಪೆನ್ನು ಹಿಡಿದ. ಕೈ ಬರಲಿಲ್ಲ. ಅವಳ ಅಕ್ಷರವನ್ನು ಸುಳ್ಳಾಗಿ ಬರೆಯುವುದು ಅವನಿಂದಾಗದ ಕೆಲಸ.

ಬರೆಯುವ ಅಗತ್ಯವೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಅಂಟಿಸಿದ ಕಂದು ಕಾಗದವನ್ನು ಯಾರೂ ಹರಿದು ನೋಡಿದ್ದಿಲ್ಲ. ಮೇಷ್ಟ್ರಂತೂ ಸತ್ತರೂ ತೆಗೆಸುವವರಲ್ಲ. ಹಿಂಬದಿ ತೆರೆಯಿರಿ ಎಂದು ಕದ್ದವನೇ ಹೇಳುತ್ತಾನೆಯೇ? ಈ ಮಾತು ಹೊಳೆದಾಗ ಅವನಿಗೆ ನಗು ಬಂದಿತು. ಮೇಷ್ಟ್ರ ಕಳ್ಳತನವೇ ತನ್ನ ಕಳ್ಳತನಕ್ಕೆ ಕಾವಲು.

ಇನ್ನು ಉದ್ಘಾಟನೆಗೆ ಬರುವವರು. ಅವರನ್ನು ಅವನು ಎಷ್ಟೋ ವರ್ಷದಿಂದ ಬಲ್ಲ. ಒಂದು ಕೈಯಲ್ಲಿ ಪಾನಕದ ಲೋಟ, ಇನ್ನೊಂದರಲ್ಲಿ ಬಿಸ್ಕತ್ತು, ಕಣ್ಣು ಬಾಗಿಲ ಕಡೆ. ಗಾಜು ಹಾಕಿದ ಚಿತ್ರದ ಮುಂದೆ ನಿಂತು ಕೂದಲು ಸರಿಮಾಡಿಕೊಳ್ಳುವವರೇ ಹೆಚ್ಚು. ಕುಂಬಳಕಾಯಿ ಕಳ್ಳ ಎಂದರೆ ತಾನು ಹೆಗಲು ಮುಟ್ಟಿಕೊಳ್ಳದಿದ್ದರೆ ಸಾಕು.

ಮಗಳ ಚಿತ್ರವನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮನೆಯ ಬೀರುವಿನ ಮೇಲಿಟ್ಟ. ಹೆಂಡತಿಗೆ ಏನೂ ಹೇಳಲಿಲ್ಲ. ಮಗಳು ಹೋದ ಮೇಲೆ ಅವಳು ಆ ಕಿಟಕಿಗೆ ಪರದೆ ಎಳೆದು ದೀಪದ ಬೆಳಕಿನಲ್ಲೇ ಅಡುಗೆ ಮಾಡುತ್ತಿದ್ದಳು. ಪ್ರದರ್ಶನ ಮುಗಿದು ಚಿತ್ರಗಳೆಲ್ಲ ಅವರವರ ಮನೆ ಸೇರಿದ ಮೇಲೆ, ಒಂದು ಬೆಳಿಗ್ಗೆ ಪರದೆ ಸರಿಸಿ, ಇದನ್ನು ಅವಳ ಕೈಗೆ ಕೊಡಬೇಕು. ಅವನು ಬದುಕಿನಲ್ಲಿ ಬೇರಾವುದಕ್ಕೂ ಅಷ್ಟು ಆಸೆಯಿಂದ ಕಾದಿರಲಿಲ್ಲ.

ಉದ್ಘಾಟನೆಯ ಸಂಜೆ ಎಲ್ಲವೂ ಅವನ ಲೆಕ್ಕದಂತೆಯೇ ನಡೆಯಿತು. ಹೆಂಡತಿಯೂ ಬಂದಿದ್ದು ಮಾತ್ರ ಲೆಕ್ಕದಲ್ಲಿರಲಿಲ್ಲ. ಮೇಷ್ಟ್ರೇ ಫೋನು ಮಾಡಿ ಒತ್ತಾಯಿಸಿದರಂತೆ. ಅವಳು ಆರನೆಯ ಚಿತ್ರದ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. ಲೋಟ ಹಿಡಿದವರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು.

ಭಾಷಣಗಳು ಮುಗಿಯುವ ಹೊತ್ತಿಗೆ ಮೇಷ್ಟ್ರು ಎದ್ದು ಬಂದು ಆ ಚಿತ್ರದ ಪಕ್ಕ ನಿಂತರು.

“ಇದು ನಂದಲ್ಲ,” ಎಂದರು. “ಈ ಮಿಲಿಮೀಟರ್ ಅವರ ಮಗಳದ್ದು. ಏನೂ ಉಳಿದಿಲ್ಲ ಅಂತ ಆವತ್ತು ಅವರನ್ನ ಬರಿಗೈಲಿ ಕಳಿಸಿದ್ದೆ. ಮೊನ್ನೆ ಶಾಲೆ ಕಪಾಟು ಸರಿಸಿದಾಗ ಹಿಂದೆ ಇದು ಸಿಕ್ತು. ಎದುರು ಹೋಗಿ ಹೇಳೋಕೆ ನನಗೆ ಮುಖ ಇರ್ಲಿಲ್ಲ. ನನ್ನ ಚಿತ್ರಗಳ ಜೊತೆ ಅಂಗಡಿಗೆ ಕಳಿಸ್ಬಿಟ್ಟೆ. ಹಿಂದೆ ಮಗಳ ಅಕ್ಷರ ನೋಡಿದ ಕೂಡ್ಲೆ ಅಪ್ಪನಿಗೆ ಗೊತ್ತಾಗುತ್ತೆ, ನಾನು ಬಾಯಿ ಬಿಟ್ಟು ಹೇಳ್ಬೇಕಾಗಿಲ್ಲ ಅಂದ್ಕೊಂಡೆ.”

ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಮೇಷ್ಟ್ರು ಗ್ಯಾಲರಿ ಸಮಿತಿಯ ಅಧ್ಯಕ್ಷೆಯ ಕಡೆ ತಿರುಗಿದರು.

“ಹತ್ತೊಂಬತ್ತು ವರ್ಷದ ಹುಡುಗಿ ಹೀಗೆ ಬರೆಯೋಕೆ ಸಾಧ್ಯನೇ ಇಲ್ಲ, ನೀವೇ ತಿದ್ದಿರ್ತೀರಿ ಅಂದ್ರಲ್ಲ ಮೇಡಂ. ಪುರಾವೆ ತೋರಿಸಿದ್ರೆ ಅವಳ ಹೆಸರಲ್ಲೇ ಗ್ಯಾಲರಿಯಲ್ಲಿ ಖಾಯಂ ಆಗಿ ಇಡ್ತೀವಿ ಅಂದ್ರಿ. ಹಿಂದೆ ಅವಳ ಕೈಬರಹ ಇದೆ. ಅದನ್ನ ಮುಚ್ಚಿದ ಕೈ ಅಪ್ಪನದೇ. ಅವರೇ ತೆಗೀಲಿ.”

ಅಧ್ಯಕ್ಷೆ ತಲೆಯಾಡಿಸಿದಳು. “ತೆಗೀರಿ. ಅಂಟಿಸಿದ ಕಾಗದ ಹಾಗೇ ಇದೆಯಲ್ಲ, ಒಳಗೆ ಯಾರೂ ಕೈಯಾಡಿಸಿಲ್ಲ, ನಮಗೆ ಇನ್ನೇನೂ ಬೇಡ.”

ಗುಮಾಸ್ತ ಚಿತ್ರವನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲೆ ಬೋರಲು ಮಲಗಿಸಿದ. ಕಂದು ಕಾಗದದ ಅಂಚು ನಾಲ್ಕೂ ಕಡೆ ಒಂದೇ ಸಮ. ಯಾರೋ ಅವನ ಕೈಗೆ ಚಾಕು ಕೊಟ್ಟರು. ಬೀರುವಿನ ಮೇಲೆ ಇದೆ, ಈಗಲೇ ತರುತ್ತೇನೆ ಎಂದು ಬಾಯಿ ತೆರೆದ. ಅಷ್ಟರಲ್ಲೇ ಹೊಳೆಯಿತು. ವಾರಗಟ್ಟಲೆ ಬಚ್ಚಿಟ್ಟು ಈಗ ತಂದರೆ, ಅಪ್ಪನೇ ಬರೆದುಕೊಂಡು ತಂದ ಎನ್ನುವುದಿಲ್ಲವೇ? ಅವನ ಕಳ್ಳತನ ಕ್ಷಮಿಸಿದರೂ, ಮಗಳ ಹೆಸರನ್ನು ಇನ್ನು ಯಾರೂ ನಂಬುವುದಿಲ್ಲ.

“ತೆಗೀರಿ,” ಎಂದಳು ಹೆಂಡತಿ, ಪಕ್ಕಕ್ಕೆ ಬಂದು ಅವನ ತೋಳು ಹಿಡಿದು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಬೆಳಕಿತ್ತು. “ಅವಳ ಅಕ್ಷರ ನೋಡ್ಬೇಕು ನಾನು.”

ಸಮಯ ದೂಡಲೆಂದು ಅವನು ಜೇಬಿನಲ್ಲಿ ಕನ್ನಡಕ ಹುಡುಕಿದ. ಅದರ ಜೊತೆ ಗುಮಾಸ್ತ ಕೊಟ್ಟಿದ್ದ ಪಟ್ಟಿಯೂ ಹೊರಬಂದು ಮೇಜಿನ ಮೇಲೆ ಬಿಚ್ಚಿಕೊಂಡಿತು. ಅಂಗಡಿಯ ರಸೀತಿಯಲ್ಲಿ ಗಿರಾಕಿಯ ಹೆಸರನ್ನಷ್ಟೇ ನೋಡಿ ಅಭ್ಯಾಸವಾದ ಕಣ್ಣು ಅದು. ಆ ದಿನವೂ ಹೆಸರುಗಳ ಮೇಲಿನ ಸಾಲನ್ನು ಓದಿರಲಿಲ್ಲ. ಈಗ ಓದಿದ. ‘ಪ್ರದರ್ಶನ ಮುಗಿದ ಮೇಲೆ ಚಿತ್ರ ಯಾರಿಗೆ ಹಿಂತಿರುಗಿಸಬೇಕು’ ಎಂದಿತ್ತು ಅಲ್ಲಿ. ಚಿತ್ರ ಬರೆದವರ ಹೆಸರಿಗೆಂದು ಪಕ್ಕದಲ್ಲೇ ಇನ್ನೊಂದು ಕಲಂ ಇತ್ತು. ಆರನೆಯ ಸಾಲಿನಲ್ಲಿ, ಮಗಳ ಹೆಸರು.