ಅಣೆಕಟ್ಟಿಗೆ ಬಡಿದ ಬೆಣೆಗಳು

ಅಣೆಕಟ್ಟಿನ ಇಂಜಿನಿಯರ್ ಠಾಣೆಗೆ ಬಂದಾಗ ಬೆಳಿಗ್ಗೆ ಒಂಬತ್ತೂವರೆ. ಕೂರಿ ಎಂದರೂ ಅವಳು ಕೂರಲಿಲ್ಲ. ಕೈಚೀಲದಿಂದ ಒದ್ದೆ ಮರದ ಬೆಣೆಯೊಂದನ್ನು ತೆಗೆದು ಇನ್ಸ್‌ಪೆಕ್ಟರನ ಮೇಜಿನ ಮೇಲಿಟ್ಟಳು. ಗೇಣುದ್ದದ ಬೆಣೆ, ಮೈತುಂಬ ಹಳೆಬಟ್ಟೆ ಸುತ್ತಿ, ಕರೆಂಟಿನವರ ಕಪ್ಪು ಟೇಪಿನಿಂದ ಬಿಗಿದಿತ್ತು.

“ಇಂಥವನ್ನ ಯಾರೋ ಅಣೆಕಟ್ಟಿನ ಒಳಗೆ ಬಡಿದಿದ್ದಾರೆ. ಹನ್ನೊಂದು ಸಿಕ್ಕಿವೆ.”

“ಬಡಿದರೆ ಏನಾಗುತ್ತೆ ಮೇಡಂ?”

“ಅಣೆಕಟ್ಟು ನಿಂತಿರೋದು ತನ್ನ ಭಾರದಿಂದ. ತಳದ ಬಂಡೆಯಲ್ಲಿ ನುಸುಳೋ ನೀರು ಅದನ್ನ ಕೆಳಗಿಂದ ಎತ್ತೋಕೆ ನೋಡುತ್ತೆ. ಆ ನೀರು ಹೊರಗೆ ಬಂದುಬಿಡಲಿ ಅಂತಲೇ ಒಳಗಿನ ಸುರಂಗದ ಉದ್ದಕ್ಕೂ ತೂತು ಕೊರೆದಿರ್ತೀವಿ. ಮುಚ್ಚಿದರೆ ಒತ್ತಡ ಏರುತ್ತೆ.”

“ಏರಿದರೆ?”

ಅವಳು ಕಿಟಕಿಯತ್ತ ನೋಡಿದಳು. ಆಚೆಗೆ ಪೊಲೀಸ್ ವಸತಿಗೃಹಗಳ ಸಾಲು; ಅಲ್ಲಿ ಇನ್ಸ್‌ಪೆಕ್ಟರನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಅದರ ಹಿಂದೆ ಊರು, ಊರಿನ ತಲೆಯ ಮೇಲೆ ಬೂದು ಬಣ್ಣದ ಆ ಗೋಡೆ. ವರ್ಗವಾಗಿ ಬಂದಂದಿನಿಂದ ಇನ್ಸ್‌ಪೆಕ್ಟರ್ ಅದಕ್ಕೆ ಬೆನ್ನು ಹಾಕಿ ಕೂತವನಲ್ಲ. ಚಾಕು ಹಿಡಿದವನನ್ನು ಬರಿಗೈಯಲ್ಲಿ ಕೆಡವಿದ ಗಂಡು, ನೀರೆಂದರೆ ಮಾತ್ರ ಶುದ್ಧ ಪುಕ್ಕಲ.

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಇಂಜಿನಿಯರ್ ಜೊತೆ, ಹೆಡ್ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರನ್ನು ಕರೆದುಕೊಂಡು ಅವನು ಸುರಂಗಕ್ಕಿಳಿದ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಜಾಗ. ಗೋಡೆ ಬೆವರುತ್ತಿತ್ತು, ಕಾಲ ಬಳಿಯ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತಿತ್ತು. ಆ ನೀರನ್ನು ಎತ್ತಿ ಹೊರಹಾಕುವ ಪಂಪಿನವನು ದಾರಿ ತೋರಿಸುತ್ತ ಮುಂದೆ ನಡೆದ. ಹಲ್ಲು ಬಿಡುವುದೇ ಕಸುಬೆಂಬಂಥ ಮನುಷ್ಯ.

“ಸಾರ್, ಈಜು ಬರುತ್ತಾ?” ಎಂದ. ಹೆಡ್ ಕಾನ್‌ಸ್ಟೆಬಲ್ ಪಕಪಕ ನಕ್ಕ. ಇನ್ಸ್‌ಪೆಕ್ಟರ್ ಕಾಲುವೆಯಿಂದ ಸರಿದು ಗೋಡೆ ಹಿಡಿದುಕೊಂಡು ನಡೆದ.

ಪಂಚನಾಮೆ ಮುಗಿಯುವ ಹೊತ್ತಿಗೆ ಇಂಜಿನಿಯರ್ ಒತ್ತಡದ ಮಾಪಕದ ಗಾಜನ್ನು ಬೆರಳಿನಿಂದ ತಟ್ಟುತ್ತಿದ್ದಳು.

“ಬೆಣೆ ಕಿತ್ತ ಮೇಲೆ ಮುಳ್ಳು ಇಳೀಬೇಕಿತ್ತು. ಸ್ವಲ್ಪ ಇಳಿದು ನಿಂತುಬಿಟ್ಟಿದೆ. ಇನ್ನೂ ಕೆಲವು ತೂತುಗಳನ್ನ ಆಳದಲ್ಲಿ ಮುಚ್ಚಿದ್ದಾನೆ.”

“ನೋಡಿದರೆ ಗೊತ್ತಾಗಲ್ವಾ?”

“ಅರ್ಧಕ್ಕರ್ಧ ತೂತುಗಳಲ್ಲಿ ಮೊದಲಿಂದಲೂ ನೀರಿಲ್ಲ. ಯಾವುದು ತಾನಾಗಿ ಒಣಗಿದ್ದು, ಯಾವುದು ಮುಚ್ಚಿದ್ದು ಅಂತ ಕೆದಕಿ ನೋಡೋಕೆ ಮೂರು ದಿನ ಬೇಕು. ಮೇಲೆ ಮಳೆ ಹಿಡಿದಿದೆ, ನಾಳೆ ಸಂಜೆಗೆ ಜಲಾಶಯ ತುಂಬುತ್ತೆ. ಖಾಲಿ ಮಾಡೋಣ ಅಂತ ಗೇಟೆಲ್ಲ ಎತ್ತಿದರೆ ತಗ್ಗಿನ ಬೀದಿಗಳನ್ನ ನಾವೇ ಮುಳುಗಿಸಿದ ಹಾಗೆ.”

ಮೇಲಕ್ಕೆ ಬಂದವನೇ ಇನ್ಸ್‌ಪೆಕ್ಟರ್ ಮನೆಗೆ ಫೋನು ಮಾಡಿದ. “ಮಕ್ಕಳನ್ನ ಕರ್ಕೊಂಡು ಈಗಲೇ ನಿಮ್ಮಕ್ಕನ ಮನೆಗೆ ಹೊರಡು.”

“ಈಗಲಾ? ಒಲೆ ಮೇಲೆ ಅನ್ನ ಇದೆ ಕಣ್ರೀ!”

“ಇಳಿಸು. ಹೊರಡು.”

ಫೋನಿಟ್ಟ ಮೇಲೆ ನಾಚಿಕೆಯಾಯಿತು. ಊರಿನ ಉಳಿದ ಹೆಂಗಸರು ನಿಶ್ಚಿಂತೆಯಾಗಿ ಅನ್ನ ಬಸಿಯುತ್ತಿದ್ದರು.

ಸುರಂಗಕ್ಕೆ ಒಬ್ಬೊಬ್ಬರೇ ಹೋಗಿಬರುವವರು ಇಬ್ಬರೇ: ಪಂಪಿನವನು, ಮತ್ತು ದೀಪ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಕಪ್ಪು ಟೇಪು ಅವನ ಹೆಸರನ್ನೇ ಹೇಳುತ್ತಿತ್ತು. ಅವನು ಆ ದಿನ ರಜೆ ಹಾಕಿದ್ದ.

ಅವನ ಮನೆ ತಗ್ಗಿನ ಬೀದಿಯ ಕೊನೆಯಲ್ಲಿತ್ತು. ಬಾಗಿಲು ತೆಗೆದ ಹೆಂಡತಿ ಪೊಲೀಸರನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡಳು. ಒಳಗಿನ ಗೋಡೆಯ ಮೇಲೆ ಗಾಳಿ ತುಂಬಿದ ಟ್ಯೂಬುಗಳು ತೂಗುತ್ತಿದ್ದವು. ಎರಡು ಲಾರಿಯವು, ಎರಡು ಸ್ಕೂಟರಿನವು. ಕಂಬಕ್ಕೆ ಕಟ್ಟಿದ ಹಗ್ಗ ತಾರಸಿಗೆ ಹೋಗಿತ್ತು.

“ಇವೆಲ್ಲ ಯಾಕಮ್ಮ?”

“ಅವರನ್ನೇ ಕೇಳಿ ಸಾರ್. ಮಕ್ಕಳನ್ನ ಕೆಳಗೆ ಮಲಗಿಸೋಕೇ ಬಿಡಲ್ಲ. ಮಾತೆತ್ತಿದರೆ ಅಳ್ತಾರೆ.”

ಹೆಡ್ ಕಾನ್‌ಸ್ಟೆಬಲ್ ಸಣ್ಣ ಟ್ಯೂಬನ್ನು ಒತ್ತಿ ನೋಡಿ ನಗಲು ಹೋದ. ಇನ್ಸ್‌ಪೆಕ್ಟರ್ ಗದರಿಸಿ ಸುಮ್ಮನಾಗಿಸಿದ. ಅವನಿಗೆ ಆ ಮನೆ ಚೆನ್ನಾಗಿ ಅರ್ಥವಾಗಿತ್ತು. ಎಲೆಕ್ಟ್ರಿಷಿಯನ್ ಹಿತ್ತಲಲ್ಲಿ ಮರ ಕೆತ್ತುತ್ತ ಸಿಕ್ಕಿಬಿದ್ದ.

ಮೂರು ಗಂಟೆಗೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

“ಬೆಣೆ ಬಡಿದದ್ದು ನೀನೇನಾ?”

“ಹೌದು ಸಾರ್.”

“ನಾವು ಹನ್ನೊಂದು ಕಿತ್ತಿದ್ದೀವಿ.”

ಅವನು ಎರಡೂ ಕೈಯಿಂದ ತಲೆ ಚಚ್ಚಿಕೊಂಡ. “ಕಿತ್ತುಬಿಟ್ರಾ? ದಮ್ಮಯ್ಯ ಸಾರ್, ವಾಪಸ್ ಬಡಿಸಿ! ಕಟ್ಟೆ ಒಡೀತಾ ಇದೆ. ಒಸರೋದು ಕಾಣ್ಸಲ್ವಾ ನಿಮಗೆ?”

“ಉಳಿದವು ಎಲ್ಲಿ?”

“ಹೇಳಲ್ಲ. ಹೊಡೀರಿ, ಹೇಳಲ್ಲ. ನನ್ನ ಮಕ್ಕಳು ನೀರುಪಾಲಾಗ್ತವೆ.”

ಇಂಜಿನಿಯರ್ ಹಾಳೆಯ ಮೇಲೆ ಚಿತ್ರ ಬರೆದಳು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಇನ್ಸ್‌ಪೆಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿ, ಕುರ್ಚಿ ಎಳೆದುಕೊಂಡು ಅವನೆದುರು ಕೂತ.

“ಕುಕ್ಕರ್ ಕೂಗುತ್ತೆ ಅಂತ ಅದರ ಬಾಯಿಗೆ ಬಟ್ಟೆ ತುರುಕ್ತಾರೇನಪ್ಪಾ?”

“ಅದು ಕುಕ್ಕರ್. ಇದು ನದಿ.”

“ನನಗೂ ಹೆದರಿಕೆ ಇದೆ ಕಣೋ. ಒಳಗೆ ಕಾಲಿಟ್ಟಾಗ ನನ್ನ ಜೀವ ಬಾಯಿಗೆ ಬಂದಿತ್ತು. ಆದರೂ ಮೇಡಂ ಮಾತು ನಂಬಿದ್ದೀನಿ.”

ಅವನು ಮೊದಲ ಸಲ ತಲೆ ಎತ್ತಿದ. “ನಿಮ್ಮ ಮಕ್ಕಳು ಈಗ ಎಲ್ಲಿದ್ದಾರೆ ಸಾರ್?”

ಸುಳ್ಳು ಹೇಳುವುದು ಸುಲಭವಿತ್ತು. ಇನ್ಸ್‌ಪೆಕ್ಟರನ ನಾಲಿಗೆ ಹೊರಳಲಿಲ್ಲ. “ದೊಡ್ಡಮ್ಮನ ಮನೆಗೆ ಕಳಿಸಿದ್ದೀನಿ.”

“ನೋಡಿ ಮತ್ತೆ! ನೀವೂ ನಂಬಿಲ್ಲ.”

ಇನ್ಸ್‌ಪೆಕ್ಟರ್ ಫೋನು ಕೈಗೆತ್ತಿಕೊಂಡ. ಅವನೆದುರೇ ನಂಬರು ಒತ್ತಿದ. “ಎಲ್ಲಿದ್ದೀಯ? ಬಸ್ಸಿಳಿದು ಆಟೋ ಹಿಡಿ. ಮಕ್ಕಳನ್ನ ಮನೆಗೆ ಕರ್ಕೊಂಡು ಬಾ. ಹೌದು, ಈಗಲೇ.”

ಮುಕ್ಕಾಲು ಗಂಟೆ ಇಬ್ಬರೂ ಕಿಟಕಿಯ ಬಳಿ ನಿಂತರು. ಆಟೋ ಬಂತು. ಇಬ್ಬರು ಹುಡುಗಿಯರು ಇಳಿದು, ಯಾರು ಬಾಗಿಲು ತೆಗೆಯಬೇಕೆಂದು ಜಗಳವಾಡುತ್ತ ಮನೆಯೊಳಗೆ ಹೋದರು. ಎಲೆಕ್ಟ್ರಿಷಿಯನ್ ಬಾಗಿಲು ಮುಚ್ಚುವವರೆಗೂ ನೋಡಿದ.

“ನಡೀರಿ ಸಾರ್, ತೋರಿಸ್ತೀನಿ,” ಎಂದ.

ಆರು ತೂತುಗಳು. ಬಟ್ಟೆ ತುಂಬಿ, ಮೇಲೆ ಸಿಮೆಂಟು ಸುರಿದಿದ್ದ. ಕೊರೆಯುವ ಯಂತ್ರ ತಂದರು. ಮೊದಲನೆಯದು ತೆರೆದುಕೊಂಡಾಗ ನೀರು ಆಳೆತ್ತರಕ್ಕೆ ಚಿಮ್ಮಿತು. ಇನ್ಸ್‌ಪೆಕ್ಟರನೂ ಆರೋಪಿಯೂ ಒಬ್ಬರ ತೋಳನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ಆರನೆಯದು ಮುಗಿಯುವಷ್ಟರಲ್ಲಿ ಮಾಪಕದ ಮುಳ್ಳು ಹಸಿರು ಗೆರೆಯ ಕೆಳಕ್ಕೆ ಇಳಿದಿತ್ತು. ಇಂಜಿನಿಯರ್ ಗೋಡೆಗೊರಗಿ ಕಣ್ಣೊರೆಸಿಕೊಂಡಳು.

ಎಲೆಕ್ಟ್ರಿಷಿಯನ್ ಆ ಮುಳ್ಳನ್ನೇ ನೋಡುತ್ತಿದ್ದ. “ಹಾಗಾದರೆ ಇಷ್ಟು ದಿನ ಕಟ್ಟೇನ ನನ್ನ ಮಕ್ಕಳ ಮೇಲೆ ತಳ್ತಾ ಇದ್ದದ್ದು ನಾನೇನಾ ಸಾರ್?”

ಸಂಜೆ ಏಳಕ್ಕೆ, ಪಂಪಿನ ಕೋಣೆಯಲ್ಲಿ, ಇನ್ಸ್‌ಪೆಕ್ಟರ್ ಬಂಧನದ ಕಾಗದಕ್ಕೆ ಅವನ ರುಜು ಪಡೆದ.

“ಒಸರಿದರೆ ಕಟ್ಟೆ ಒಡೆಯುತ್ತೆ ಅಂತ ನಿನಗೆ ಹೇಳಿದವರು ಯಾರು?”

ಅವನು ಪಂಪಿನವನ ಕಡೆ ನೋಡಿದ. “ಈ ಅಣ್ಣನೇ ಹೇಳಿದ್ದು. ಕೆಲಸಕ್ಕೆ ಸೇರಿದ ದಿನ. ದಿನಾ ಜಾಸ್ತಿ ಆಗ್ತಿದೆ, ದೊಡ್ಡವರು ಮುಚ್ಚಿಟ್ಟಿದ್ದಾರೆ, ಯಾರಿಗೂ ಹೇಳ್ಬೇಡ ಅಂದ್ರು.”

ಪಂಪಿನವನ ಮುಖದಿಂದ ನಗು ಇಳಿದುಹೋಯಿತು. “ಹೊಸಬರಿಗೆಲ್ಲ ಹಾಗೇ ಹೇಳ್ತೀವಿ ಸಾರ್, ತಮಾಷೆಗೆ. ನಾನು ಸೇರಿದಾಗ ನನಗೂ ಹೇಳಿದ್ರು. ಸಂಜೆ ಟೀ ಕುಡಿಯೋವಾಗ ಸುಳ್ಳು ಅಂತ ಹೇಳಿ ಎಲ್ಲಾರೂ ನಗ್ತೀವಿ.”

“ಇವನಿಗೆ ಹೇಳಲಿಲ್ವಾ?”

“ಅವತ್ತು ಇವನು ಟೀಗೆ ನಿಲ್ಲಲಿಲ್ಲ ಸಾರ್. ಮಕ್ಕಳಿದ್ದಾರೆ ಅಂತ ಮನೆಗೆ ಓಡಿಬಿಟ್ಟ. ಆಮೇಲೆ ನಮಗೆ ಮರೆತೇಹೋಯ್ತು.”