ಹಣೆಗೆ ಬಾರದ ತಿಲಕ

ತಿಲಕ ಇಡಿಸಿಕೊಳ್ಳಲು ಭುವನವಿಕ್ರಮ ಬಸ್ನ್ಯಾತ್ ತಲೆ ಬಾಗಿಸಿ ನಿಂತೇ ಇದ್ದರು. ಮಡದಿ ರೋಹಿಣಿಯ ಕೈ ಮಾತ್ರ ಮೇಲೇಳಲಿಲ್ಲ... ಬಾಗಿಲಲ್ಲಿ ಅರಮನೆಯ ಕಾರು ಕಾಯುತ್ತಿತ್ತು.

ದೇಶದೇಶಗಳಲ್ಲಿ ರಾಯಭಾರಿಯಾಗಿದ್ದು, ಕೊನೆಗೆ ಕಾಠ್ಮಂಡುವಿಗೆ ಮರಳಿ ಅರಮನೆಯ ಸಮಾರಂಭಗಳ ಹೊಣೆ ಹೊತ್ತವರು ಅವರು. ಇಂದು ಪರದೇಶದ ದೊರೆಯೊಬ್ಬ ಬರುವವನಿದ್ದ. ಈ ಸ್ವಾಗತ ಸಾಂಗವಾಗಿ ಮುಗಿದರೆ ಮಹಾರಾಜರ ಪ್ರಧಾನ ಕಾರ್ಯದರ್ಶಿಯ ಪದವಿ ಅವರದೇ ಎಂದು ಊರೇ ಆಡಿಕೊಳ್ಳುತ್ತಿತ್ತು. ಸೂತಕದವನು ದೊರೆಯ ಹತ್ತಿರ ಸುಳಿಯುವಂತಿಲ್ಲ. ಆದರೆ ಸಾವಿನ ಸುದ್ದಿ ಕಿವಿಗೆ ಬೀಳುವವರೆಗೆ ಸೂತಕವೇ ಇಲ್ಲ. ಎಂಥ ಅನುಕೂಲದ ಶಾಸ್ತ್ರ ನೋಡಿ! ನಾನು ಸೇವೆಯಲ್ಲಿರುವಾಗ ಯಾರು ಸತ್ತರೂ ಹೇಳಕೂಡದು ಎಂದು ಅವರು ಮನೆಯವರಿಗೆ ಎಂದೋ ಕಟ್ಟಪ್ಪಣೆ ಮಾಡಿದ್ದರು. ತಂದೆ ತೀರಿಕೊಂಡ ಸುದ್ದಿಯೂ ದೂರದೇಶದ ಔತಣಗಳೆಲ್ಲ ಮುಗಿದ ಮೇಲೆಯೇ ಅವರಿಗೆ ತಲುಪಿತ್ತು.

"ಆಮಾ ಚಹಾ ಕುಡಿದ್ರಾ?" ಎಂದು ತಾಯಿಯನ್ನು ವಿಚಾರಿಸಿದರು.

ರೋಹಿಣಿ ಮೆಟ್ಟಿಲತ್ತ ನೋಡಿದಳು. ಮಹಡಿಯಲ್ಲಿ ಅತ್ತೆ ಕಣ್ಣು ಮುಚ್ಚಿ ಇನ್ನೂ ಮೈ ಆರಿರಲಿಲ್ಲ. ಬಾಯಿಬಿಟ್ಟರೆ ಗಂಡನ ಪದವಿ ಹೋಗುತ್ತದೆ. ಸುಮ್ಮನಿದ್ದರೆ ತಾಯಿಗೆ ಕೊಳ್ಳಿಯಿಡುವ ಭಾಗ್ಯ ತಪ್ಪುತ್ತದೆ. ಸೂತಕದ ಕೈಯಿಂದ ತಿಲಕವಿಡುವುದಾದರೂ ಹೇಗೆ?

ಗಂಡನ ಅಕ್ಕ ಅಂಬಿಕಾ ದಡದಡನೆ ಮೆಟ್ಟಿಲಿಳಿದು ಬಂದಳು. ಹೇಳಬೇಡವೆಂದು ರೋಹಿಣಿಯನ್ನು ಗದರಿಸಿದ್ದವಳೂ ಅವಳೇ.

"ಏನು ಕಂಬದ ಹಾಗೆ ನಿಂತಿದೀಯ, ಇಡು. ತಮ್ಮಾ, ಹೊತ್ತಾಯ್ತು."

ಭುವನವಿಕ್ರಮರು ಹೆಂಡತಿಯ ಕೈಯನ್ನೇ ನೋಡಿದರು. ಆಮೇಲೆ ಮೆಲ್ಲಗೆ ಟೋಪಿ ತೆಗೆದರು.

"ಇವನಿಗೆ ಯಾರು ಏನು ಹೇಳಿದ್ರು?" ಅಂಬಿಕಾ ಕಂಗಾಲಾದಳು.

"ಅಕ್ಕಾ, ಬಾಯಿಬಿಟ್ಟು ಹೇಳದ್ದನ್ನ ಕೇಳಿಸ್ಕೊಳ್ಳೋದೇ ನನ್ನ ಉದ್ಯೋಗ. ಕಂಡವರ ಮೌನ ಎಲ್ಲ ಅರ್ಥ ಮಾಡ್ಕೊಂಡೆ... ನನ್ನ ಹೆಂಡತೀದು ಅರ್ಥ ಆಗಲ್ವಾ?"

ಕಾರು ಬರಿದಾಗಿ ಹಿಂತಿರುಗಿತು. ಅವರು ಬಾಗ್ಮತಿ ನದಿಯ ದಡದಲ್ಲಿ ತಾಯಿಗೆ ಬೆಂಕಿ ಕೊಟ್ಟು, ತಲೆ ಬೋಳಿಸಿಕೊಂಡು, ಬಿಳಿ ಬಟ್ಟೆಯುಟ್ಟು ಮೂಲೆಯ ಕೋಣೆ ಸೇರಿದರು. ಅತ್ತ ಸ್ವಾಗತ ಯಾವ ಕುಂದೂ ಇಲ್ಲದೆ ನಡೆಯಿತಂತೆ. ಅವರ ಜಾಗದಲ್ಲಿ ನಿಂತವನಿಗೇ ಪದವಿಯೂ ಸಿಕ್ಕಿತು. ಅರಮನೆಯಿಂದ ಒಬ್ಬರೂ ಇತ್ತ ತಲೆ ಹಾಕಲಿಲ್ಲ.

ದೊರೆಗಳನ್ನು ಊಟಕ್ಕೆ ಕೂರಿಸಿದ ಮನುಷ್ಯ ತಾನೇ ಬೇಯಿಸಿದ ಉಪ್ಪಿಲ್ಲದ ಅನ್ನವನ್ನು ಎಲೆಯಲ್ಲಿ ಬಡಿಸಿಕೊಂಡು ಒಬ್ಬರೇ ಕೂತರು. ಕ್ರಿಯೆಗೆ ಕೂತವರನ್ನು ಮುಟ್ಟುವಂತಿಲ್ಲ. ರೋಹಿಣಿ ಹೊಸ್ತಿಲ ಆಚೆ ಕೂತಿದ್ದಳು.

"ಅಪ್ಪ ಹೋದ ದಿನ ನಿನ್ನ ಜೊತೆ ಯಾರಿದ್ರು?" ಕೇಳುವುದಕ್ಕೆ ಅವರಿಗೆ ಇಷ್ಟು ವರ್ಷ ಬೇಕಾಯಿತು.

"ಆಮಾ ಒಬ್ರೇ."

"ನನಗೆ ಹೇಳು ಅನ್ನಲಿಲ್ವಾ?"

ರೋಹಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ಬೇಡ, ಊಟಕ್ಕೆ ಕೂತಿರ್ತಾನೆ ಅಂದ್ರು."

ಅವರ ಕೈಯಲ್ಲಿದ್ದ ತುತ್ತು ಎಲೆಗೆ ಮರಳಿತು.